ಮೂರು ಗಾಲಿ ಸ್ಕೂಟರಿಗೆ ಹಿಂದಿನ ಟೈರ್: ಅಂಗಳದಲ್ಲೇ ಮುಗಿಸಿದ ಕೆಲಸ

ಎರಡೂ ಪಕ್ಕದಲ್ಲಿ ಗಾಲಿ ಜೋಡಿಸಿದ ಸ್ಕೂಟರಿಗೆ ಕೊಪ್ಪಳ, ರಾಯಚೂರು ಕಡೆ ಮೂರು ಗಾಲಿ ಗಾಡಿ ಅಂತಾರೆ. ಎಣಿಸಿದರೆ ನಾಲ್ಕು. ಆದರೆ ಹಿಂದೆ ನಿಂತು ನೋಡಿದವರಿಗೆ ಸಾಲಾಗಿ ಕಾಣುವುದು ಮೂರೇ, ಹೆಸರೂ ಹಾಗೇ ನಿಂತಿದೆ. ಕಾಲಿಗೆ ಬಲವಿಲ್ಲದವರು ಓಡಿಸುವ ಗಾಡಿ ಇದು. ನಿಂತಾಗ ಕಾಲೂರುವ ಕೆಲಸವನ್ನು ಪಕ್ಕದ ಎರಡು ಗಾಲಿಗಳು ಮಾಡುತ್ತವೆ. ಎಂಜಿನ್ನಿನ ಎಳೆತ, ಹಿಂದಿನ ಬ್ರೇಕು ಎರಡೂ ನಡುವಿನ ಗಾಲಿಯ ಮೇಲೇ ಇರುವುದರಿಂದ ಮೊದಲು ಸವೆಯುವ ಟೈರ್ ಅದೇ.

ಪಂಚರ್ ಅಂಗಡಿಯಲ್ಲಿ ಈ ಗಾಡಿ ಕಂಡರೆ ಕೆಲವರು ಹಿಂದೆ ಸರಿಯುತ್ತಾರೆ. ಡಬಲ್ ಸ್ಟ್ಯಾಂಡ್ ಹಾಕಲು ಬರುವುದಿಲ್ಲ, ಪಕ್ಕದ ಗಾಲಿ ಕೈಗೆ ಅಡ್ಡ ಬರುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಕೊಪ್ಪಳದಲ್ಲಿ ಮನೆಯ ಅಂಗಳದಲ್ಲೇ ಈ ಟೈರ್ ಬದಲಿಸಿದೆವು. ಒಂದು ಮಾತು ಮೊದಲೇ ಹೇಳಿಬಿಡಬೇಕು. ಟೈರ್ ಕಳಚಿ ಹೊಸದು ಹಾಕುವುದು ಇಲ್ಲಿ ಅರ್ಧ ಕೆಲಸ ಮಾತ್ರ. ಹೊಸ ಟೈರ್ ಕೂತ ಮೇಲೆ ಪಕ್ಕದ ಗಾಲಿಗಳ ಎತ್ತರವನ್ನು ಮತ್ತೆ ಹೊಂದಿಸದಿದ್ದರೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಬಹಳ ಕಡೆ ಬಿಟ್ಟುಹೋಗುವುದು ಇದೇ.

ಗಾಡಿ ಹೋಂಡಾ ಆಕ್ಟಿವಾ, 110 ಸಿಸಿ. ಹಿಂದಿನ ಟೈರ್ 90/100-10, ಟ್ಯೂಬ್‌ಲೆಸ್. ಈ ಅಂಕಿಗಳನ್ನು ಓದಲು ಬಂದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. 90 ಅಂದರೆ ಅಗಲ, ಮಿಲಿಮೀಟರಿನಲ್ಲಿ. 100 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ ನೂರಕ್ಕೆ ನೂರು, ಅಂದರೆ ಅದೂ 90 ಮಿಮೀ. 10 ಅಂದರೆ ರಿಮ್ ಹತ್ತು ಇಂಚು, 254 ಮಿಮೀ. ಮೇಲೊಂದು ಕೆಳಗೊಂದು 90 ಕೂಡಿಸಿದರೆ ಟೈರಿನ ಒಟ್ಟು ಎತ್ತರ 434 ಮಿಮೀ. ಈಗ ಅಂಗಡಿಯವರು 'ಇದೂ ಹತ್ತು ಇಂಚೇ, ಕೂರ್ತದ' ಅಂತ 90/90-10 ಕೊಟ್ಟರು ಅಂದುಕೊಳ್ಳಿ. ರಿಮ್ಮಿಗೆ ಅದು ಕೂರುತ್ತದೆ ನಿಜ, ಆದರೆ ಅದರ ಒಟ್ಟು ಎತ್ತರ 416 ಮಿಮೀ. ಗಾಲಿಯ ಅಚ್ಚು 9 ಮಿಮೀ ಕೆಳಗಿಳಿಯುತ್ತದೆ. ಎರಡೇ ಗಾಲಿಯ ಸ್ಕೂಟರಿನಲ್ಲಿ ಇಷ್ಟು ವ್ಯತ್ಯಾಸ ಗೊತ್ತೂ ಆಗಲಿಕ್ಕಿಲ್ಲ. ಇಲ್ಲಿ ಮಾತ್ರ ಪಕ್ಕದ ಗಾಲಿಗಳು ಭಾರವನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡು, ನಡುವಿನ ಗಾಲಿ ನೆಲ ಹಿಡಿಯದೆ ಬರೀ ತಿರುಗುತ್ತದೆ. ಕಂಪನಿ ಯಾವುದಾದರೂ ಇರಲಿ, ಅಳತೆ ಮಾತ್ರ ಅದೇ ಇರಬೇಕು. ಅಳತೆಯ ಪಕ್ಕದಲ್ಲೇ 53ಜೆ ಅಂತ ಇರುತ್ತದೆ. 53 ಅಂದರೆ ಆ ಟೈರ್ 206 ಕೆಜಿ ಹೊರಬಲ್ಲದು, ಜೆ ಅಂದರೆ ಗಂಟೆಗೆ 100 ಕಿಮೀ ವೇಗದ ತನಕ. ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ಇನ್ನೊಂದು ಗುರುತಿದೆ. 2324 ಅಂತಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಕಡೆಯ ಬಿಸಿಲಿಗೆ ಅಂಗಡಿಯ ಮುಂದೆ ತೂಗುಹಾಕಿದ ಟೈರ್ ಓಡದೆಯೇ ಗಟ್ಟಿಯಾಗುತ್ತದೆ, ಹಾಗಾಗಿ ಈ ಅಂಕಿ ನೋಡಿಯೇ ಕೊಳ್ಳಬೇಕು.

ಹಳೆಯ ಟೈರ್ ನೋಡಿದಾಗ ಅದು ಸವೆದ ರೀತಿಯೇ ಬೇರೆ. ಎರಡು ಗಾಲಿಯ ಸ್ಕೂಟರ್ ತಿರುವಿನಲ್ಲಿ ವಾಲುತ್ತದೆ, ಟೈರ್ ದುಂಡಗೆ ಸವೆಯುತ್ತದೆ. ಈ ಗಾಡಿ ವಾಲುವುದಿಲ್ಲ, ಹಾಗಾಗಿ ನಡುಭಾಗ ಮಾತ್ರ ಹಲಗೆಯ ಹಾಗೆ ಚಪ್ಪಟೆಯಾಗುತ್ತದೆ. ಅಂಚಿನ ಹೂವು, ಅಂದರೆ ಟೈರಿನ ಮೇಲಿನ ಕೆತ್ತನೆ, ಹೊಸದರಂತಿದ್ದು, ನಡುವಿನ ಗೆರೆ ಸವೆತದ ಗುರುತಿಗೆ ಸಮವಾಗಿತ್ತು. ಗೆರೆಯ ತಳದಲ್ಲಿ ಸಣ್ಣ ಉಬ್ಬು ಇರುತ್ತದೆ, ಗೋಡೆಯ ಮೇಲೆ ಅದರ ನೇರಕ್ಕೆ ಟಿಡಬ್ಲ್ಯೂಐ ಅಕ್ಷರ ಇಲ್ಲವೆ ತ್ರಿಕೋನದ ಗುರುತು ಇರುತ್ತದೆ. ಅಂಚು ನೋಡಿ 'ಇನ್ನೂ ಹೂವದ' ಅಂತ ಓಡಿಸುವವರಿದ್ದಾರೆ. ಇಂಥ ಗಾಡಿಯಲ್ಲಿ ನಡುವನ್ನೇ ನೋಡಬೇಕು. ತೆಗೆದ ಟೈರಿನ ಒಳಗೆ ಕೈಯಾಡಿಸಿದಾಗ ಮುರಿದ ನಾಲ್ಕು ಮುಳ್ಳುಗಳು ಸಿಕ್ಕವು, ನಾಲ್ಕೂ ಬಳ್ಳಾರಿ ಜಾಲಿಯವು. ನಡು ಸವೆದು ತೆಳ್ಳಗಾದಷ್ಟೂ ಆ ಮುಳ್ಳಿಗೆ ದಾರಿ ಸಲೀಸು. ಕೈಯಾಡಿಸುವಾಗ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು, ಆ ಮುಳ್ಳು ಚುಚ್ಚಿದ ಬೆರಳು ಎರಡು ದಿನ ಬಾಯುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. 10, 14, 17, 19, 24ರ ಪಾನಾಗಳು, ಅದರಲ್ಲಿ 24ರದ್ದು ಬಾಕ್ಸ್ ಪಾನಾ ಆಗಿರಲೇಬೇಕು. ಅದರ ಹಿಡಿಕೆಗೆ ತೂರಿಸಲು ಅರ್ಧ ಮೀಟರಿನ ಪೈಪು. ಒಂದಡಿ ಉದ್ದದ ಟೈರ್ ಲಿವರ್ ಮೂರು, ಎರಡರಲ್ಲಿ ಕೈ ಸಾಲುವುದಿಲ್ಲ. ಸೈಲೆನ್ಸರಿನ ಹೊಸ ಪ್ಯಾಕಿಂಗ್ ಒಂದು, ಟ್ಯೂಬ್‌ಲೆಸ್ ವಾಲ್ವ್ ಒಂದು, ವಾಲ್ವ್ ಪಿನ್ ತೆಗೆಯುವ ಚಾವಿ. ಬಟ್ಟೆ ಸಾಬೂನು ಕರಗಿಸಿದ ನೀರು ಒಂದು ಚೊಂಬು. ತಂತಿ ಬ್ರಷ್, 120 ನಂಬರಿನ ಎಮರಿ ಕಾಗದ, ಸ್ವಲ್ಪ ಗ್ರೀಸು. ಜಾಕ್ ಒಂದು, ಮರದ ದಪ್ಪ ತುಂಡು ಐದಾರು. ಇಟ್ಟಿಗೆಯ ಮೇಲೆ ಗಾಡಿ ನಿಲ್ಲಿಸಬಾರದು, ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಉಕ್ಕಿನ ಸ್ಕೇಲು, ಸೀಮೆಸುಣ್ಣ, ಹವಾ ನೋಡುವ ಮೀಟರು. ಕಾಲಿನಿಂದ ಒತ್ತುವ ಪಂಪು ಇದ್ದರೆ ಸಾಕು, ಅದರಿಂದ ಟ್ಯೂಬ್‌ಲೆಸ್ ಕೂರಿಸುವ ಉಪಾಯ ಮುಂದೆ ಬರುತ್ತದೆ.

ನೆಲದ ವಿಷಯಕ್ಕೆ ಎರಡು ಮಾತು. ಎರೆಮಣ್ಣಿನ ಅಂಗಳದಲ್ಲಿ ಜಾಕ್ ಇಟ್ಟರೆ ಭಾರ ಬಿದ್ದಂತೆ ಒಂದು ಕಡೆ ಇಳಿಯುತ್ತದೆ. ಪರಸಿ ಹಾಸಿದ ಜಾಗ ಬೇಕು, ಅದೂ ಮಟ್ಟಸವಾಗಿರಬೇಕು, ಯಾಕೆಂದರೆ ಕೊನೆಯಲ್ಲಿ ಗಾಲಿಗಳ ಎತ್ತರ ಅಳೆಯುವುದು ಅದೇ ನೆಲದ ಮೇಲೆ. ನೀರು ಚೆಲ್ಲಿ ನೋಡಿದೆವು, ಎಲ್ಲೂ ಹರಿಯದೆ ನಿಂತ ಜಾಗ ಆರಿಸಿಕೊಂಡೆವು.

ಗಾಡಿ ಬಿಚ್ಚುವ ಮುಂಚೆ ಒಂದು ಅಳತೆ ತೆಗೆದುಕೊಳ್ಳಬೇಕು, ಮರೆತರೆ ಆಮೇಲೆ ಸಿಗುವುದಿಲ್ಲ. ದಿನಾ ಓಡಿಸುವವರೇ ಸೀಟಿನ ಮೇಲೆ ಕೂತಿರಬೇಕು, ಹಿಂದಿನ ಮೂರೂ ಗಾಲಿಯಲ್ಲಿ ಸರಿಯಾದ ಹವಾ ಇರಬೇಕು. ಆಗ ನೆಲದಿಂದ ನಡುವಿನ ಅಚ್ಚಿನ ಮಧ್ಯಕ್ಕೆ ಎಷ್ಟು ಅಂತ ಸ್ಕೇಲು ಹಿಡಿದು ಬರೆದಿಟ್ಟುಕೊಂಡೆವು. 198 ಮಿಮೀ ಬಂತು. ಸೈಲೆನ್ಸರ್ ಅಡ್ಡ ಇರುವುದರಿಂದ ಬಗ್ಗಿ, ಹಿಂದಿನಿಂದ ನೋಡಿ ಅಳೆಯಬೇಕು. ಪಕ್ಕದ ಗಾಲಿಗಳ ತೋಳು ಚೌಕಟ್ಟಿಗೆ ಎಲ್ಲಿ ಕೂತಿದೆ ಅನ್ನುವುದಕ್ಕೂ ಮೊಳೆಯಿಂದ ಗೀರಿ ಗುರುತು ಹಾಕಿದೆವು.

ಆಕ್ಟಿವಾದಲ್ಲಿ ಹಿಂದಿನ ಗಾಲಿಗೆ ಎಡಗಡೆ ಎಂಜಿನ್ ಪೆಟ್ಟಿಗೆ, ಬಲಗಡೆ ಸೈಲೆನ್ಸರ್. ಗಾಲಿ ಹೊರಬರುವುದು ಬಲಕ್ಕೆ. ಆದ್ದರಿಂದ ಮೊದಲು ಬಲಪಕ್ಕದ ಗಾಲಿ, ಆಮೇಲೆ ಸೈಲೆನ್ಸರ್, ಆಮೇಲೆ ನಡುವಿನ ಗಾಲಿ, ಇದೇ ಕ್ರಮ. ಎಡಪಕ್ಕದ ಗಾಲಿ ಮುಟ್ಟುವ ಅಗತ್ಯವಿಲ್ಲ, ಗಾಡಿ ಒರಗಿ ನಿಲ್ಲಲು ಅದೇ ಆಸರೆ. ಮುಂದಿನ ಗಾಲಿಗೂ ಎಡಪಕ್ಕದ ಗಾಲಿಗೂ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಬಲತೋಳಿನ ಕೆಳಗೆ ಮರದ ತುಂಡು ಒಟ್ಟಿ, ಅದು ತೋಳಿಗೆ ತಾಕಿ ಬಿಗಿಯಾದ ಮೇಲೆಯೇ ಪಕ್ಕದ ಗಾಲಿಯ ನಟ್ಟು ಸಡಿಲಿಸಿದ್ದು. ಈ ಗಾಡಿಯಲ್ಲಿ ಅದು 19ರ ನಟ್ಟು, ತುದಿಗೆ ಅದು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್. ಜೋಡಣೆ ಮಾಡಿದ ಕಾರ್ಖಾನೆ ಬೇರೆಯಾದರೆ ಅಳತೆಯೂ ಬೇರೆ ಇರಬಹುದು, ಪಾನಾ ಹಚ್ಚಿ ನೋಡಿಯೇ ತಿಳಿಯಬೇಕು. ಕಾಟರ್ ಪಿನ್ ಹಳೆಯದನ್ನೇ ಮತ್ತೆ ಬಗ್ಗಿಸಬಾರದು, ಹೊಸದು ಹಾಕಬೇಕು.

ಸೈಲೆನ್ಸರ್ ತಣ್ಣಗಿರಬೇಕು. ಬೆಳಗ್ಗೆ ಆರಕ್ಕೇ ಕೈ ಹಾಕಿದ್ದು ಅದಕ್ಕೆ, ಬಿಸಿಲೇರುವ ಮುಂಚೆ ಬಿಚ್ಚುವ ಕೆಲಸ ಮುಗಿಯುತ್ತದೆ. ಇಲ್ಲಿ ಆತುರ ಮಾಡಿದರೆ ದೊಡ್ಡ ನಷ್ಟ ಆಗುವುದು ಒಂದೇ ಕಡೆ. ಎಂಜಿನ್ನಿಗೆ ಸೈಲೆನ್ಸರ್ ಕೊಳವೆ ಸೇರುವಲ್ಲಿ 10ರ ಎರಡು ನಟ್ಟುಗಳಿವೆ, ಬಿಸಿಗೂ ನೀರಿಗೂ ಸಿಕ್ಕಿ ಜಂಗು ಹಿಡಿದಿರುತ್ತವೆ. ಅವನ್ನು ಒಣಗಿದ್ದಂತೆಯೇ ತಿರುಗಿಸಿದರೆ ನಟ್ಟು ಬರುವ ಬದಲು ಸ್ಟಡ್ಡೇ ಮುರಿದು ಹೆಡ್ಡಿನಲ್ಲಿ ಉಳಿಯುತ್ತದೆ. ಆಗ ಟೈರಿನ ಕೆಲಸ ಹೋಗಿ ಲೇತಿನ ಕೆಲಸ ಆಗುತ್ತದೆ. ಹಿಂದಿನ ರಾತ್ರಿಯೇ ಡೀಸೆಲ್ ಹನಿಸಿ ಬಿಟ್ಟಿದ್ದೆವು. ಬೆಳಗ್ಗೆ ತಂತಿ ಬ್ರಷ್ಷಿನಿಂದ ಎಳೆಗಳನ್ನು ಉಜ್ಜಿ, ಕಾಲು ಸುತ್ತು ಬಿಚ್ಚಿ, ಎಂಟನೆಯ ಒಂದು ಸುತ್ತು ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಹಿಂದೆಮುಂದೆ ಆಡಿಸುತ್ತ ತೆಗೆದೆವು. ಎರಡು ನಟ್ಟಿಗೆ ಇಪ್ಪತ್ತು ನಿಮಿಷ ಹೋಯಿತು, ಹೋಗಲಿ. ಪೆಟ್ಟಿಗೆಗೆ ಹಿಡಿದಿರುವ 14ರ ಬೋಲ್ಟುಗಳು ಸುಲಭ. ಆದರೆ ಅವನ್ನು ಮೊದಲು ಪೂರ್ತಿ ಬಿಚ್ಚಬಾರದು, ಸೈಲೆನ್ಸರಿನ ಭಾರವೆಲ್ಲ ಆ ಎರಡು ಸಣ್ಣ ಸ್ಟಡ್ಡುಗಳ ಮೇಲೆ ಜೋತುಬೀಳುತ್ತದೆ. ಮುಂದಿನ ನಟ್ಟುಗಳು ಮೊದಲು, ಹಿಂದಿನ ಬೋಲ್ಟು ಆಮೇಲೆ, ಒಬ್ಬರು ಕೆಳಗೆ ಕೈಕೊಟ್ಟು ಹಿಡಿದಿರಬೇಕು.

ಸೈಲೆನ್ಸರ್ ಹೋದ ಮೇಲೆ ಅಚ್ಚಿನ 24ರ ನಟ್ಟು ಕಾಣುತ್ತದೆ. ಅದನ್ನು ಗಾಲಿ ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಗಾಲಿ ಎತ್ತಿದ ಮೇಲೆ ಪೈಪು ಹಾಕಿ ಜಗ್ಗಿದರೆ ಗಾಲಿ ತಿರುಗುತ್ತದೆ, ಜೋರಾಗಿ ಜಗ್ಗಿದರೆ ಗಾಡಿಯೇ ತುಂಡುಗಳ ಮೇಲಿಂದ ಜಾರುತ್ತದೆ.

'ಕಾಕಾ, ಎಡಗೈ ಬ್ರೇಕ್ ಗಟ್ಟಿ ಹಿಡೀರಿ, ಬಿಡಬ್ಯಾಡ್ರಿ.'

'ಹಿಡದೀನಿ, ನೀ ಜಗ್ಗು.'

ಪೈಪಿನ ತುದಿಯನ್ನು ಕೆಳಮುಖವಾಗಿ ಒತ್ತಿದಾಗ ಟಕ್ ಅಂತ ಸದ್ದಾಗಿ ನಟ್ಟು ಬಿಟ್ಟಿತು. ಹಿಡಿಯುವವರಿಲ್ಲದಿದ್ದರೆ ಬ್ರೇಕ್ ಹಿಡಿಕೆಯನ್ನು ಹಳೆ ಟ್ಯೂಬಿನ ಪಟ್ಟಿಯಿಂದ ಸುತ್ತಿ ಕಟ್ಟಬಹುದು. ಅರ್ಧ ಸುತ್ತು ಸಡಿಲಾದರೆ ಸಾಕು, ಪೂರ್ತಿ ಬಿಚ್ಚುವುದು ಗಾಡಿ ಎತ್ತಿದ ಮೇಲೆ.

ಎತ್ತುವಾಗ ತಪ್ಪುವುದು ಹೀಗೆ. ಈ ಸ್ಕೂಟರಿನಲ್ಲಿ ಎಂಜಿನ್ನೂ ಹಿಂದಿನ ಗಾಲಿಯೂ ಒಂದೇ ತುಂಡಾಗಿ ಚೌಕಟ್ಟಿಗೆ ತೂಗುಬಿದ್ದಿವೆ, ನಡುವೆ ಶಾಕ್ ಅಬ್ಸಾರ್ಬರ್ ಇದೆ. ಚೌಕಟ್ಟಿಗೆ ಜಾಕ್ ಕೊಟ್ಟು ಎತ್ತಿದರೆ ಮೊದಲು ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ. ಗಾಡಿ ಮೇಲೇಳುತ್ತಿದ್ದರೂ ಗಾಲಿ ನೆಲ ಬಿಡುವುದಿಲ್ಲ. ಜಾಕ್ ಸಾಲುತ್ತಿಲ್ಲ ಅಂದುಕೊಂಡು ಅದನ್ನು ಪ್ಲಾಸ್ಟಿಕ್ ಮುಚ್ಚಳದ ಕೆಳಗೋ ಎಡಗಡೆಯ ಅಲ್ಯುಮಿನಿಯಂ ಪೆಟ್ಟಿಗೆಯ ತೆಳು ಮುಚ್ಚಳದ ಕೆಳಗೋ ಸರಿಸಿದರೆ ಅದು ಒಡೆಯುತ್ತದೆ. ಪಕ್ಕದ ಗಾಲಿ ಜೋಡಿಸಿದ ಕಬ್ಬಿಣದ ಅಡ್ಡಪಟ್ಟಿ ಗಟ್ಟಿಯಾದ ಜಾಗ, ಅದಕ್ಕೇ ಜಾಕ್ ಕೊಟ್ಟೆವು. ಎರಡೂ ಪಕ್ಕಕ್ಕೆ ಮರದ ತುಂಡು ಒಟ್ಟಿ, ಗಾಲಿ ನೆಲದಿಂದ ಎರಡು ಬೆರಳು ಮೇಲೆದ್ದ ಮೇಲೆ ನಿಲ್ಲಿಸಿದೆವು. ಜಾಕಿನ ಮೇಲೇ ಗಾಡಿ ಬಿಟ್ಟು ಕೆಳಗೆ ಕೈಹಾಕುವಂತಿಲ್ಲ, ಭಾರ ಮರದ ಮೇಲೆ ಕೂತಿರಬೇಕು.

ನಟ್ಟು, ವಾಷರ್ ತೆಗೆದು ಗಾಲಿಯನ್ನು ಬಲಕ್ಕೆ ಜಗ್ಗಿದರೆ ಹಲ್ಲುಗಳ ಮೇಲಿಂದ ಜಾರಿ ಬರುತ್ತದೆ. ಬರದಿದ್ದರೆ ಬ್ರೇಕ್ ಶೂ ಡ್ರಮ್ಮನ್ನು ಹಿಡಿದುಕೊಂಡಿದೆ ಅಂತ ಅರ್ಥ. ಎಂಜಿನ್ನಿನ ಕೆಳಗೆ ಬ್ರೇಕ್ ವೈರಿನ ತುದಿಯಲ್ಲಿರುವ ಹೊಂದಿಕೆಯ ನಟ್ಟನ್ನು ಐದಾರು ಸುತ್ತು ಬಿಟ್ಟರೆ ಸಡಿಲಾಗುತ್ತದೆ. ಗಾಲಿ ಬಂದ ಕೂಡಲೇ ಒಳಗಿನ ಬೂದಿಯನ್ನು ಬಾಯಿಂದ ಊದಬಾರದು, ಪಂಪಿನ ಹವಾ ಹೊಡೆಯಬಾರದು. ಆ ಧೂಳು ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಪಕ್ಕದ ಗಾಲಿಗಳಿಗೆ ಬ್ರೇಕ್ ಇಲ್ಲ, ಹಿಂದಿನ ಭಾರವನ್ನೆಲ್ಲ ನಿಲ್ಲಿಸುವುದು ಈ ಎರಡು ಸಣ್ಣ ಶೂಗಳೇ. ಶೂ ತೆಳ್ಳಗಾಗಿದ್ದರೆ ಈಗಲೇ ಬದಲಿಸಿಬಿಡಬೇಕು, ಇನ್ನೊಮ್ಮೆ ಇಷ್ಟೆಲ್ಲ ಬಿಚ್ಚುವವರು ಯಾರು? ನಮ್ಮದು ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು, ಎಮರಿಯಿಂದ ಮೇಲ್ಮೈ ಉಜ್ಜಿ ಬಿಟ್ಟೆವು. ಅಚ್ಚಿನ ಹಲ್ಲುಗಳಿಗೆ ಉಗುರಿನ ತುದಿಯಷ್ಟು ಗ್ರೀಸು ಸಾಕು. ಹೆಚ್ಚಾದರೆ ಬಿಸಿಗೆ ಕರಗಿ ಡ್ರಮ್ಮಿಗೆ ಇಳಿಯುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ.

ಇನ್ನು ಟೈರ್. ಹತ್ತು ಇಂಚಿನ ರಿಮ್ಮಿನ ಮೇಲೆ ವರ್ಷಗಟ್ಟಲೆ ಕೂತ ಟ್ಯೂಬ್‌ಲೆಸ್ ಟೈರಿನ ಅಂಚು ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ. ಕಾಲಿನಿಂದ ತುಳಿದರೆ ಅಲುಗುವುದಿಲ್ಲ. ಸುತ್ತಿಗೆಯಿಂದ ಬಡಿದರೆ ರಿಮ್ಮಿನ ತುಟಿ ಬಗ್ಗುತ್ತದೆ, ಬಗ್ಗಿದ ರಿಮ್ಮಿನಲ್ಲಿ ಟ್ಯೂಬ್‌ಲೆಸ್ ಹವಾ ನಿಲ್ಲುವುದಿಲ್ಲ. ವಾಲ್ವಿನ ಪಿನ್ ತೆಗೆದು ಹವಾ ಪೂರ್ತಿ ಬಿಟ್ಟು, ಗಾಲಿಯನ್ನು ಟ್ರ್ಯಾಕ್ಟರ್ ಟ್ರಾಲಿಯ ಕೆಳಗೆ ಮಲಗಿಸಿದೆವು. ಟೈರಿನ ಗೋಡೆಯ ಮೇಲೆ, ರಿಮ್ಮಿಗೆ ಒತ್ತಿ, ನಾಲ್ಕು ಬೆರಳಗಲದ ಮರದ ತುಂಡು. ಅದರ ಮೇಲೆ ಜಾಕ್, ಜಾಕಿನ ತಲೆ ಟ್ರಾಲಿಯ ಚಾಸಿಗೆ. ಜಾಕ್ ಏರಿಸಿದರೆ ಟ್ರಾಲಿ ಏಳುವ ಮಾತೇ ಇಲ್ಲ, ಟೈರಿನ ಅಂಚೇ ಕೆಳಗಿಳಿಯುತ್ತದೆ. ಒಂದು ಕಡೆ ಬಿಟ್ಟ ಮೇಲೆ ಸಾಬೂನು ನೀರು ಸುರಿದು, ಗಾಲಿ ತಿರುಗಿಸುತ್ತ ನಾಲ್ಕು ಕಡೆ ಒತ್ತಿದೆವು, ಆಮೇಲೆ ಮಗುಚಿ ಇನ್ನೊಂದು ಮಗ್ಗುಲು. ಟ್ರಾಲಿ ಸಿಗದಿದ್ದರೆ ಬೆಂಚಿಗೆ ಹಿಡಿದ ದೊಡ್ಡ ವೈಸ್ ಇದೇ ಕೆಲಸ ಮಾಡುತ್ತದೆ. ಡ್ರಮ್ ಇರುವ ಮಗ್ಗುಲು ಕೆಳಗಿದ್ದಾಗ ಅದು ಕಲ್ಲಿಗೆ ತಾಗದಂತೆ ಗೋಣಿಚೀಲ ಮಡಚಿ ಹಾಕಿದ್ದೆವು.

ಲಿವರ್ ಹಾಕುವುದರಲ್ಲಿ ಬಲಕ್ಕಿಂತ ಜಾಗ ಮುಖ್ಯ. ರಿಮ್ಮಿನ ನಡುವೆ ಒಂದು ಹಳ್ಳ ಇದೆ. ಟೈರಿನ ಅಂಚನ್ನು ಒಂದು ಕಡೆ ಆ ಹಳ್ಳಕ್ಕೆ ಇಳಿಸಿದರೆ ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ. ಮಂಡಿಯಿಂದ ಒಂದು ಕಡೆ ಒತ್ತಿ ಹಿಡಿದು, ಎದುರುಗಡೆ ಲಿವರ್ ಹಾಕಿ, ಮೂರು ಬೆರಳು ದೂರದಲ್ಲಿ ಇನ್ನೊಂದು, ಮತ್ತೆ ಇನ್ನೊಂದು. ಬಿಗಿ ಬಂದಾಗಲೆಲ್ಲ ನಿಲ್ಲಿಸಿ, ಎದುರಿನ ಅಂಚು ಹಳ್ಳದಿಂದ ಮೇಲೆದ್ದಿದೆಯಾ ಅಂತ ನೋಡಬೇಕು, ಎದ್ದೇ ಇರುತ್ತದೆ. ರಿಮ್ಮಿಗೆ ಗೀರು ಬೀಳದಂತೆ ನೀರಿನ ಬಾಟಲಿ ಕತ್ತರಿಸಿದ ತುಂಡುಗಳನ್ನು ಲಿವರಿನ ಕೆಳಗಿಟ್ಟೆವು. ವಾಲ್ವಿನಿಂದ ಒಂದು ಗೇಣು ದೂರದ ತನಕ ಲಿವರ್ ತರಬಾರದು.

ಟೈರ್ ಹೋದ ಮೇಲೆ ರಿಮ್ ನೋಡಿದರೆ ಅಂಚು ಕೂರುವ ಜಾಗದಲ್ಲಿ ಜಂಗಿನ ಪೊರೆ. ಭತ್ತದ ಗದ್ದೆಯ ದಾರಿಯಲ್ಲಿ, ಕಾಲುವೆ ನೀರಿನಲ್ಲಿ ಓಡಾಡುವ ಗಾಡಿಗಳಿಗೆ ಇದು ಇದ್ದದ್ದೇ. ವಾರಕ್ಕೊಮ್ಮೆ ಹವಾ ಇಳಿಯುತ್ತದೆ, ಪಂಚರ್ ಸಿಗುವುದಿಲ್ಲ ಅನ್ನುವ ದೂರಿಗೆ ಬಹಳ ಸಲ ಈ ಜಂಗೇ ಕಾರಣ. ತಂತಿ ಬ್ರಷ್ಷಿನಿಂದ ಕೆರೆದು, ಎಮರಿಯಿಂದ ನುಣುಪು ಮಾಡಿ, ತೆಳ್ಳಗೆ ಬಣ್ಣ ಹಚ್ಚಿ ಒಣಗಿಸಿದೆವು. ಬಣ್ಣ ದಪ್ಪವಾದರೆ ಅದೇ ಪೊರೆಯಾಗಿ ಏಳುತ್ತದೆ. ಹಳೆಯ ರಬ್ಬರ್ ವಾಲ್ವನ್ನು ಬಗ್ಗಿಸಿ ನೋಡಿದರೆ ಬುಡದಲ್ಲಿ ಬಿರುಕು. ಅದನ್ನು ಕತ್ತರಿಸಿ, ಹೊಸದಕ್ಕೆ ಸಾಬೂನು ನೀರು ಹಚ್ಚಿ ಒಳಗಿನಿಂದ ತೂರಿಸಿ ಇಕ್ಕಳದಿಂದ ಜಗ್ಗಿದರೆ ಟಪ್ಪನೆ ಕೂರುತ್ತದೆ.

ಅಷ್ಟು ಹೊತ್ತು ಹೊಸ ಟೈರನ್ನು ಬಿಸಿಲಿಗೆ ಹಾಕಿದ್ದೆವು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಪ್ಪತ್ತೇ ನಿಮಿಷದಲ್ಲಿ ರಬ್ಬರ್ ಮೆತ್ತಗಾಗುತ್ತದೆ, ಹಾಕುವುದು ಸಲೀಸು. ಗೋಡೆಯ ಮೇಲಿನ ಬಾಣದ ಗುರುತು ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. ಹಳದಿ ಚುಕ್ಕೆ ಇದ್ದರೆ ಅದು ವಾಲ್ವಿನ ನೇರಕ್ಕೆ. ಎರಡೂ ಅಂಚಿಗೆ ಸಾಬೂನು ನೀರು ಬಳಿದು, ಮೊದಲ ಅಂಚನ್ನು ಕೈಯಿಂದಲೇ ಒತ್ತಿ ಇಳಿಸಿ, ಎರಡನೆಯದಕ್ಕೆ ಕೊನೆಯ ಒಂದು ಗೇಣಿಗೆ ಮಾತ್ರ ಲಿವರ್ ಬಳಸಿದೆವು. ಸಾಬೂನಿನ ಬದಲು ಎಂಜಿನ್ ಆಯಿಲ್, ಗ್ರೀಸು ಹಚ್ಚಬಾರದು. ಅದು ರಬ್ಬರನ್ನು ತಿನ್ನುತ್ತದೆ, ಒಣಗುವುದೂ ಇಲ್ಲ, ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೇ ಜಾರುತ್ತದೆ.

ಕಾಲು ಪಂಪಿನಿಂದ ಟ್ಯೂಬ್‌ಲೆಸ್ ಕೂರುವುದಿಲ್ಲ ಅಂತಾರೆ. ಸುಮ್ಮನೆ ಒತ್ತಿದರೆ ನಿಜವಾಗಿಯೂ ಕೂರುವುದಿಲ್ಲ, ಹೊಡೆದ ಹವಾ ಎಲ್ಲ ಅಂಚಿನ ಸಂದಿನಿಂದ ಹೊರಗೆ. ಟೈರಿನ ನಡುವಿಗೆ ಸುತ್ತಲೂ ಲಾರಿಯವರು ಸರಕು ಬಿಗಿಯುವ ಬೆಲ್ಟನ್ನು ಹಾಕಿ ಬಿಗಿದರೆ ನಡು ಒಳಕ್ಕೆ ಒತ್ತಿ ಎರಡೂ ಅಂಚುಗಳು ಹೊರಕ್ಕೆ ಸರಿದು ರಿಮ್ಮಿಗೆ ತಾಗುತ್ತವೆ. ಬೆಲ್ಟ್ ಇಲ್ಲದಿದ್ದರೆ ಹಗ್ಗ ಕಟ್ಟಿ, ಕೋಲು ತೂರಿಸಿ ತಿರುವಿದರೂ ಆಗುತ್ತದೆ. ವಾಲ್ವಿನ ಪಿನ್ ಇಲ್ಲದೆಯೇ ಪಂಪು ಹಚ್ಚಬೇಕು, ಹವಾ ಒಮ್ಮೆಗೇ ಹೆಚ್ಚು ನುಗ್ಗುತ್ತದೆ. ಅಂಚು ಹಿಡಿದ ಕೂಡಲೇ ಬೆಲ್ಟ್ ಸಡಿಲಿಸಿ, ಪಿನ್ ಹಾಕಿ, ಮತ್ತೆ ಒತ್ತಿದೆವು. ಟಪ್, ಟಪ್ ಅಂತ ಎರಡು ಸದ್ದು ಬಂದರೆ ಎರಡೂ ಅಂಚು ಕೂತವು. 40 ಪೌಂಡ್ ದಾಟಿದರೂ ಸದ್ದು ಬರದಿದ್ದರೆ ಇನ್ನೂ ಹವಾ ಹೊಡೆಯಬಾರದು, ಪೂರ್ತಿ ಬಿಟ್ಟು ಸಾಬೂನು ಹಚ್ಚಿ ಮೊದಲಿನಿಂದ ಮಾಡಬೇಕು. ಹೆಚ್ಚಿನ ಒತ್ತಡದಲ್ಲಿ ಅಂಚು ಒಡೆದರೆ ಕೈ ಮುಖಕ್ಕೇ ಬರುತ್ತದೆ. ಗೋಡೆಯ ಮೇಲೆ ರಿಮ್ಮಿಗೆ ಹತ್ತಿರ ಒಂದು ಸಣ್ಣ ಗೆರೆ ಇರುತ್ತದೆ, ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿ ಕಂಡರೆ ಟೈರ್ ಸರಿಯಾಗಿ ಕೂತಿದೆ. ಕೊನೆಗೆ ಒಬ್ಬರೇ ಓಡಿಸುವಾಗ 29 ಪೌಂಡ್, ಹಿಂದೆ ಇನ್ನೊಬ್ಬರು ಕೂತರೆ 36. ಇದನ್ನು ಬೆಳಗ್ಗೆ, ಗಾಡಿ ಓಡುವ ಮುಂಚೆ ನೋಡಬೇಕು. ಬಿಸಿ ಹತ್ತು ಡಿಗ್ರಿ ಏರಿದರೆ ಹವಾ ಸುಮಾರು ಒಂದು, ಒಂದೂವರೆ ಪೌಂಡ್ ಏರುತ್ತದೆ, ಮಧ್ಯಾಹ್ನದ ಅಳತೆ ನಂಬುವಂಥದ್ದಲ್ಲ.

ಮರಳಿ ಜೋಡಿಸುವುದು ಬಿಚ್ಚಿದ ಕ್ರಮವನ್ನೇ ತಿರುವಿ ಹಾಕಿದಂತೆ. ಅಚ್ಚಿನ ನಟ್ಟಿಗೆ ಬೇಕಾದ ಬಿಗಿ ಸುಮಾರು 12 ಕೆಜಿ-ಮೀಟರ್. ಟಾರ್ಕ್ ಪಾನಾ ಇಲ್ಲದವರು ಹೀಗೆ ಲೆಕ್ಕ ಹಾಕಬಹುದು: ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿ ಹಿಡಿದು 24 ಕೆಜಿ ಬಲದಿಂದ ಒತ್ತಿದರೆ ಅಷ್ಟೇ ಆಗುತ್ತದೆ. ಅರ್ಧ ಚೀಲ ಸಿಮೆಂಟ್ 25 ಕೆಜಿ, ಅದನ್ನೆತ್ತಲು ಹಾಕುವ ಬಲ ಕೈಗೆ ನೆನಪಿದ್ದರೆ ಸಾಕು. ಇದನ್ನೂ ಗಾಲಿ ನೆಲಕ್ಕೆ ಇಳಿಸಿ, ಬ್ರೇಕ್ ಹಿಡಿದೇ ಬಿಗಿಯಬೇಕು, ಸೈಲೆನ್ಸರ್ ಹಾಕುವ ಮುಂಚೆ. ಸೈಲೆನ್ಸರಿಗೆ ಹೊಸ ಪ್ಯಾಕಿಂಗ್ ಹಾಕಿ, ನಾಲ್ಕೂ ಕಡೆ ಕೈಯಲ್ಲಿ ತಿರುಗಿಸಿ ಕೂರಿಸಿ, ಮೊದಲು ಎಂಜಿನ್ ಕಡೆಯ ಎರಡು ನಟ್ಟು ಸಮವಾಗಿ, ಆಮೇಲೆ ಹಿಂದಿನ ಬೋಲ್ಟು. ಗಾಡಿ ಚಾಲೂ ಮಾಡಿದಾಗ ಪಟಪಟ ಸದ್ದು ಬಂದರೆ ಪ್ಯಾಕಿಂಗ್ ಸರಿಯಾಗಿ ಕೂತಿಲ್ಲ. ಬ್ರೇಕ್ ಹಿಡಿಕೆಯ ತುದಿಯಲ್ಲಿ 10ರಿಂದ 20 ಮಿಮೀ ಸಡಿಲ ಇರುವಂತೆ ವೈರಿನ ನಟ್ಟನ್ನು ಹೊಂದಿಸಿದೆವು.

ಈಗ ಉಳಿದ ಅರ್ಧ ಕೆಲಸ.

ಓಡಿಸುವವರನ್ನೇ ಮತ್ತೆ ಕೂರಿಸಿ ಅಚ್ಚಿನ ಎತ್ತರ ಅಳೆದಾಗ 203 ಮಿಮೀ ಬಂತು. ಹಳೆಯ ಟೈರ್ ಸವೆದುಹೋದ 5 ಮಿಮೀ ಹೊಸದರಲ್ಲಿ ಮರಳಿ ಬಂದಿದೆ, ಅಷ್ಟೇ. ಆ 5 ಮಿಮೀ ಗಾಡಿಯ ಹಿಂಭಾಗವನ್ನು ಎತ್ತಿತು, ಅದರ ಜೊತೆ ಪಕ್ಕದ ಗಾಲಿಗಳೂ ನೆಲ ಬಿಟ್ಟವು. ಗಾಡಿ ನಿಂತಾಗ ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ತೊನೆಯುತ್ತಿತ್ತು. ಕಾಲೂರಬಲ್ಲವರಿಗೆ ಇದು ಏನೂ ಅಲ್ಲ. ಕಾಲೂರಲು ಆಗದವರಿಗೆ, ಬಸ್ ಸ್ಟ್ಯಾಂಡಿನ ಮುಂದೆ ಲಾರಿಗಳ ನಡುವೆ ನಿಂತಾಗ ಗಾಡಿ ಹೀಗೆ ಒಂದು ಮಗ್ಗುಲಿಗೆ ಕುಸಿದರೆ ಜೀವ ಬಾಯಿಗೆ ಬರುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಗಾಡಿ ಓಲಾಡುತ್ತದೆ ಅನ್ನುವ ದೂರು ಇದೇ. ಟೈರಿನದ್ದಲ್ಲ ತಪ್ಪು, ತೋಳನ್ನು ಇಳಿಸದೆ ಬಿಟ್ಟದ್ದು ತಪ್ಪು.

ಈ ಗಾಡಿಯಲ್ಲಿ ತೋಳು ಚೌಕಟ್ಟಿಗೆ ಸೇರುವಲ್ಲಿ ಉದ್ದ ತೂತಿನ ಪಟ್ಟಿ ಇದೆ, ಒಂದೊಂದು ಪಕ್ಕಕ್ಕೆ 17ರ ಎರಡೆರಡು ಬೋಲ್ಟು. ಮೊದಲು ಪಕ್ಕದ ಎರಡೂ ಗಾಲಿಯ ಹವಾ ಸಮ ಮಾಡಿದೆವು, ಎರಡಕ್ಕೂ 20 ಪೌಂಡ್. ಒಂದರಲ್ಲಿ ಕಡಿಮೆ ಇದ್ದರೆ ಗಾಡಿ ಆ ಕಡೆ ವಾಲುತ್ತದೆ, ಅದನ್ನು ತೋಳಿನ ದೋಷ ಅಂತ ತಿಳಿದು ಹೊಂದಿಸಲು ಹೋದರೆ ಸುತ್ತಿ ಸುತ್ತಿ ಸಾಕಾಗುತ್ತದೆ. ಆಮೇಲೆ ಬೋಲ್ಟು ಸಡಿಲಿಸಿ, ಮೊಳೆಯಿಂದ ಗೀರಿದ ಗುರುತಿನಿಂದ 5 ಮಿಮೀ ಕೆಳಗೆ ಎರಡೂ ತೋಳು ಇಳಿಸಿದೆವು.

ಸರಿಯಾಯಿತಾ ಅಂತ ನೋಡುವುದು ಕಾಗದದಿಂದ. ಓಡಿಸುವವರು ಸೀಟಿನ ಮೇಲೆ ನೇರ ಕೂತಿರಲಿ. ಪಕ್ಕದ ಗಾಲಿಗಳ ಕೆಳಗೆ ವೃತ್ತಪತ್ರಿಕೆಯ ಪಟ್ಟಿ ಇಟ್ಟು, ಗಾಲಿ ಅದರ ಮೇಲೆ ಬಂದು ನಿಂತ ಮೇಲೆ ನಿಧಾನ ಜಗ್ಗಬೇಕು. ಸುಮ್ಮನೆ ಬಂದುಬಿಟ್ಟರೆ ಗಾಲಿ ನೆಲಕ್ಕಿಲ್ಲ. ಹರಿದೇ ಬಂದರೆ ಭಾರ ಹೆಚ್ಚಾಯಿತು. ಹಿಡಿದು ಹಿಡಿದು, ಹರಿಯದೆ ಬರಬೇಕು, ಎರಡೂ ಕಡೆ ಒಂದೇ ಬಲಕ್ಕೆ. ಬಲಗಡೆ ಮೊದಲ ಸಲ ಹರಿಯಿತು, 2 ಮಿಮೀ ಏರಿಸಿದ ಮೇಲೆ ಸಮವಾಯಿತು. ಕಾಗದ ನೋಡಿ ತಿದ್ದುವಾಗ ಸಣ್ಣ ಸಣ್ಣದಾಗಿ, 2 ಮಿಮೀಗಿಂತ ಹೆಚ್ಚು ಒಮ್ಮೆಗೇ ಬದಲಿಸದೆ ಹೋಗಬೇಕು.

ಆಮೇಲೆ ಗರಸಿನ ದಾರಿಯಲ್ಲಿ ಪರೀಕ್ಷೆ. ನಿಂತಲ್ಲಿಂದ ನಿಧಾನ ರೇಸ್ ಕೊಟ್ಟಾಗ ನಡುವಿನ ಗಾಲಿ ಕಲ್ಲು ಚಿಮ್ಮಿಸುತ್ತ ತಿರುಗಿದರೆ ಪಕ್ಕದ ಗಾಲಿಗಳು ಅತಿ ಕೆಳಗಿವೆ, ಭಾರ ಕದಿಯುತ್ತಿವೆ. ಎತ್ತಿನ ಬಂಡಿಯ ಜಾಡಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಡುವಿನ ಗಾಲಿ ಜಾಡಿಗಿಳಿದು ಪಕ್ಕದವು ಎರಡೂ ದಡದ ಮೇಲೆ ನಿಂತರೆ ಗಾಡಿ ಅಲ್ಲೇ ಉಳಿಯುತ್ತದೆ, ಎಷ್ಟು ರೇಸ್ ಕೊಟ್ಟರೂ ಹೊಸ ಟೈರನ್ನು ಸುಟ್ಟಂತೆ ಅಷ್ಟೇ. ಹಿಂದೆ ಯಾರಾದರೂ ಕೂತಾಗ ಸ್ಪ್ರಿಂಗ್ ಇಳಿದು ಪಕ್ಕದ ಗಾಲಿಗಳ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಹಾಗಾಗಿ ದಿನಾ ಹೆಂಡತಿಯನ್ನೋ ಮಗುವನ್ನೋ ಕೂರಿಸಿಕೊಂಡು ಹೋಗುವವರು ಅವರನ್ನೂ ಕೂರಿಸಿಯೇ ಹೊಂದಿಸಬೇಕು.

ಇನ್ನೊಂದು ಅಳತೆ, ಹೆಚ್ಚಿನವರು ನೋಡದೇ ಬಿಡುವುದು. ಪಕ್ಕದ ಎರಡು ಗಾಲಿಗಳ ನಡುವಿನ ದೂರವನ್ನು ಅಚ್ಚಿನ ಎತ್ತರದಲ್ಲಿ ಮುಂದಿನ ಅಂಚಿನಲ್ಲೊಮ್ಮೆ, ಹಿಂದಿನ ಅಂಚಿನಲ್ಲೊಮ್ಮೆ ಟೇಪು ಹಿಡಿದು ನೋಡಿದೆವು. ಮುಂದೆ ಹಿಂದೆ 7 ಮಿಮೀ ವ್ಯತ್ಯಾಸ ಬಂತು. ಗಾಲಿಗಳು ಮುಂದಕ್ಕೆ ಕೂಡುಗಾಲಾಗಿ ನಿಂತಿದ್ದವು. ಹಾಗೆ ನಿಂತ ಗಾಲಿ ಉರುಳುವುದರ ಜೊತೆಗೆ ಅಡ್ಡಡ್ಡ ತೇಯುತ್ತಲೂ ಹೋಗುತ್ತದೆ. ಅದನ್ನು ಎಳೆಯುವ ಭಾರ ನಡುವಿನ ಟೈರಿನ ಮೇಲೆ, ಹಳೆಯದು ಅಷ್ಟು ಬೇಗ ಚಪ್ಪಟೆಯಾಗಿದ್ದಕ್ಕೆ ಇದೂ ಒಂದು ಕಾರಣ. ಪಕ್ಕದ ಟೈರಿನ ಮೇಲೆ ಅಂಗೈಯನ್ನು ಅಡ್ಡ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ ಅನ್ನಿಸಿದರೆ ಇದೇ ರೋಗ. ಎಡತೋಳಿನ ಬೋಲ್ಟುಗಳ ಹಿಂದೆ ತೆಳು ವಾಷರ್ ಕೊಟ್ಟು ವ್ಯತ್ಯಾಸವನ್ನು 2 ಮಿಮೀಗೆ ತಂದೆವು. ಹ್ಯಾಂಡಲ್ ಒಂದು ಕಡೆ ಎಳೆಯುತ್ತಿದ್ದುದೂ ಅದರೊಂದಿಗೆ ನಿಂತಿತು.

ಹೊಸ ಟೈರಿನ ಮೈಮೇಲೆ ಕಾರ್ಖಾನೆಯಲ್ಲಿ ಅದನ್ನು ಎರೆದ ಅಚ್ಚಿನಿಂದ ಬಂದ ಮೇಣದಂಥ ಜಾರು ಇರುತ್ತದೆ. ಮೊದಲ ನೂರು ಕಿಲೋಮೀಟರ್ ಬ್ರೇಕನ್ನು ಒಮ್ಮೆಗೇ ಜಗ್ಗಬಾರದು, ಮಳೆ ಬಿದ್ದ ರಸ್ತೆಯಲ್ಲಂತೂ ಬೇಡವೇ ಬೇಡ. 50 ಕಿಮೀ ಓಡಿದ ಮೇಲೆ ತೋಳಿನ ನಾಲ್ಕೂ ಬೋಲ್ಟು, ಸೈಲೆನ್ಸರಿನ ನಟ್ಟು, ಪಕ್ಕದ ಗಾಲಿಯ ಕಾಟರ್ ಪಿನ್ ಮತ್ತೆ ನೋಡಿದೆವು. ಸೈಲೆನ್ಸರಿನ ಒಂದು ನಟ್ಟು ಕಾಲು ಸುತ್ತು ತೆಗೆದುಕೊಂಡಿತು, ಬಿಸಿಯಾಗಿ ತಣ್ಣಗಾದ ಮೇಲೆ ಹೊಸ ಪ್ಯಾಕಿಂಗ್ ಸ್ವಲ್ಪ ಕೂರುತ್ತದೆ.

ತೋಳಿನ ಪಟ್ಟಿಯ ಮೇಲೆ ಈಗ ಎರಡು ಬಿಳಿ ಗೆರೆ ಎಳೆದಿದ್ದೇವೆ. ಕೆಳಗಿನದು ಹೊಸ ಟೈರಿಗೆ, ಅದರಿಂದ 5 ಮಿಮೀ ಮೇಲಿನದು ಪೂರ್ತಿ ಸವೆದ ಟೈರಿಗೆ. ನಡುವಿನ ಟೈರ್ ಸವೆಯುತ್ತ ಹೋದಂತೆ ತೋಳುಗಳನ್ನು ಕೆಳಗಿನ ಗೆರೆಯಿಂದ ಮೇಲಿನದರ ಕಡೆಗೆ ಏರಿಸುತ್ತ ಬರಬೇಕು. ಹೂವು ಅರ್ಧ ಸವೆದಾಗ ಒಮ್ಮೆ ಎರಡೂವರೆ ಮಿಮೀ, ಆಮೇಲೆ ಮತ್ತೆ ಕಾಗದ ಜಗ್ಗಿ ನೋಡುವುದು.